ಕೋಟೆಯ ಜಿಂಕೆವನ: ಜಿಂಕೆ ಹೋದ ಮೇಲೂ ಉಳಿದ ಬೇಲಿಯ ಗುರುತು

ಇಂಗ್ಲೆಂಡಿನ ನಡುಭಾಗದ ಕೆನಿಲ್‌ವರ್ತ್ ಎಂಬ ಊರಲ್ಲಿ 1120ರ ದಶಕದ ಮೊದಮೊದಲಿಗೆ ಒಂದು ದಾನಪತ್ರ ಬರೆಯಲಾಯಿತು. ಬರೆಸಿದವನು ಜೆಫ್ರಿ ಡಿ ಕ್ಲಿಂಟನ್, ರಾಜ ಒಂದನೇ ಹೆನ್ರಿಯ ದರ್ಬಾರಿನ ದೊಡ್ಡ ಅಧಿಕಾರಿ. ಊರಿನ ನೆಲ, ಕಾಡು ಎಲ್ಲವನ್ನೂ ಅವನು ತಾನು ಹೊಸದಾಗಿ ಕಟ್ಟಿಸುತ್ತಿದ್ದ ಮಠಕ್ಕೆ ಬಿಟ್ಟುಕೊಟ್ಟ. ಜೊತೆಗೆ ಒಂದು ಮಾತು ಸೇರಿಸಿದ: ನನ್ನ ಕೋಟೆಗೂ ನನ್ನ ಪಾರ್ಕಿಗೂ ಇಟ್ಟುಕೊಂಡಿರುವ ಜಾಗ ಬಿಟ್ಟು ಉಳಿದದ್ದೆಲ್ಲ ಮಠಕ್ಕೆ.

ಕೋಟೆ, ಪಾರ್ಕು ಎರಡೂ ಒಂದೇ ಉಸಿರಲ್ಲಿ ಬಂದಿವೆ ನೋಡಿ. ಕೋಟೆ ಕಟ್ಟಿ, ಮನೆಮಂದಿ ಸೇರಿ, ದುಡ್ಡು ಮಿಕ್ಕ ಮೇಲೆ ಶೋಕಿಗೆ ಅಂತ ಮಾಡಿದ ಜಾಗ ಇದಲ್ಲ. ಮೊದಲ ದಿನದಿಂದಲೇ ಲೆಕ್ಕದಲ್ಲಿತ್ತು. ಪಾರ್ಕು ಅಂದರೆ ಇಲ್ಲಿ ಲಾಲ್‌ಬಾಗಿನ ಥರದ್ದೂ ಅಲ್ಲ. ಸುತ್ತ ಗಟ್ಟಿ ಬೇಲಿ ಹಾಕಿ, ಒಳಗೆ ಜಿಂಕೆ ಸಾಕಿ, ಬೇಕಾದಾಗ ಹೊಡೆದು ತಿನ್ನುವ ಖಾಸಗಿ ಜಾಗ. ಜಿಂಕೆವನ ಅನ್ನೋಣ.

ಇವತ್ತು ಕೆನಿಲ್‌ವರ್ತ್‌ಗೆ ಹೋದವರು ಕೆಂಪು ಕಲ್ಲಿನ ಪಾಳು ಗೋಡೆಗಳ ಫೋಟೋ ತೆಗೆದುಕೊಂಡು ಬರುತ್ತಾರೆ. ಗೋಡೆ ದಾಟಿ ಮೈಲಿಗಟ್ಟಲೆ ಹಬ್ಬಿದ್ದ ಜಿಂಕೆವನದ ಕಡೆ ಕಣ್ಣು ಹಾಯಿಸುವವರು ಕಡಿಮೆ. ಅವರ ತಪ್ಪೇನೂ ಅಲ್ಲ. ಅಲ್ಲಿ ಈಗ ಕಾಣುವುದು ಹುಲ್ಲುಗಾವಲು, ಕುರಿ, ಹೊಲ, ಒಂದೆರಡು ಕಾಲುದಾರಿ. ಆದರೆ ಏನು ಹುಡುಕಬೇಕು ಅಂತ ಗೊತ್ತಿದ್ದರೆ ಅದೇ ಹೊಲದಲ್ಲಿ ಒಂಬೈನೂರು ವರ್ಷದ ಹಿಂದಿನ ವ್ಯವಸ್ಥೆ ತಾನಾಗಿ ಎದ್ದು ಕಾಣುತ್ತದೆ. ಹುಡುಕಬೇಕಾದ್ದು ಜಿಂಕೆಯನ್ನಲ್ಲ, ಬೇಲಿಯನ್ನು.

ಕಾಡು ಯಾರದ್ದು, ಬೇಲಿ ಯಾರದ್ದು

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದರು. ಆಮೇಲೆ ಅಲ್ಲಿ ಬೇಟೆಯ ಜಾಗಗಳು ಮೂರು ಬಗೆಯವಾದವು. ಮೊದಲನೆಯದು ಫಾರೆಸ್ಟ್. ಇದು ಮರಗಳಿಗಿಂತ ಹೆಚ್ಚಾಗಿ ಕಾನೂನಿಗೆ ಸಂಬಂಧಪಟ್ಟದ್ದು. ಇಂತಿಂಥ ಪ್ರದೇಶದ ಜಿಂಕೆ, ಹಂದಿ ರಾಜನ ಸೊತ್ತು ಎಂದು ಘೋಷಿಸಿದರೆ ಅದು ಫಾರೆಸ್ಟ್. ಅದರೊಳಗೆ ಹಳ್ಳಿ, ಹೊಲ, ಬಯಲು ಏನು ಬೇಕಾದರೂ ಇರಬಹುದು. ಅಲ್ಲಿನ ರೈತನ ನಾಯಿಗೂ ನಿಯಮ, ಬಿಲ್ಲಿಗೂ ನಿಯಮ. ಎರಡನೆಯದು ಚೇಸ್. ಹೆಚ್ಚುಕಡಿಮೆ ಇದೇ ಹಕ್ಕು ರಾಜನ ಬದಲು ಒಬ್ಬ ದೊಡ್ಡ ಪಾಳೆಯಗಾರನ ಕೈಯಲ್ಲಿದ್ದರೆ ಅದು ಚೇಸ್. ಈ ಎರಡಕ್ಕೂ ಬೇಲಿ ಇರಲಿಲ್ಲ. ಮೈಸೂರು ಅರಸರ ಕಾಲದ ಬಂಡೀಪುರದ ಬೇಟೆಕಾಡನ್ನು ನೆನಪಿಸಿಕೊಂಡರೆ ಸಾಕು, ಸುಮಾರಾಗಿ ಅಂದಾಜು ಸಿಗುತ್ತದೆ.

ಮೂರನೆಯದು ಪಾರ್ಕ್. ಇದರ ಜೀವವೇ ಬೇಲಿ. ಬೇಲಿಯೊಳಗಿನ ಜಿಂಕೆ ಬೇಲಿ ಹಾಕಿಸಿದವನದು. ಕುರಿ ದೊಡ್ಡಿಯಷ್ಟೇ ಸ್ಪಷ್ಟವಾದ ಲೆಕ್ಕ. ರಾಜನ ಫಾರೆಸ್ಟ್ ಹತ್ತಿರದಲ್ಲಿದ್ದರೆ ಪಾರ್ಕು ಮಾಡಲು ಅವನ ಅನುಮತಿ ಬೇಕಿತ್ತು. ಯಾಕೆ ಎಂಬುದು ಬೇಲಿಯ ರಚನೆ ನೋಡಿದರೆ ಗೊತ್ತಾಗುತ್ತದೆ.

1086ರ ಭೂದಾಖಲೆಯಲ್ಲಿ ಇಂಥ ಪಾರ್ಕುಗಳು ಇಡೀ ಇಂಗ್ಲೆಂಡಿನಲ್ಲಿ ಮೂವತ್ತು ನಲವತ್ತರೊಳಗೆ ಸಿಗುತ್ತವೆ. 1300ರ ಹೊತ್ತಿಗೆ ಸುಮಾರು 3,200 ಆಗಿದ್ದವು ಅಂತ ಕಾಡುಗಳ ಇತಿಹಾಸ ಬರೆದ ಆಲಿವರ್ ರ‍್ಯಾಕಮ್ ಅಂದಾಜು ಮಾಡಿದ್ದರು. ಎರಡು ಶತಮಾನದಲ್ಲಿ ಇಷ್ಟು ಏರಿಕೆ ಸುಮ್ನೆ ಬೇಟೆಯ ಹುಚ್ಚಿನಿಂದ ಆಗುವಂಥದ್ದಲ್ಲ. ಜಿಂಕೆವನ ಇದ್ದವನು ದೊಡ್ಡವನು, ಇಲ್ಲದವನು ಇನ್ನೂ ದೊಡ್ಡವನಾಗಬೇಕಾದವನು. ಅಷ್ಟೇ ವಿಷಯ.

ಒಳಗೆ ಹಳ್ಳ, ಹೊರಗೆ ದಿಣ್ಣೆ

ಬೇಲಿಗೆ ಅವರ ಹೆಸರು ಪೇಲ್. ಕಟ್ಟುವ ಬಗೆ ಹೀಗೆ. ಗಡಿಯುದ್ದಕ್ಕೂ ಕಂದಕ ತೋಡುತ್ತಿದ್ದರು. ತೆಗೆದ ಮಣ್ಣನ್ನು ಹೊರಮಗ್ಗುಲಿಗೆ ಎಸೆದು ದಿಣ್ಣೆ ಮಾಡುತ್ತಿದ್ದರು. ದಿಣ್ಣೆಯ ನೆತ್ತಿಯ ಮೇಲೆ ಓಕ್ ಮರ ಸೀಳಿದ ಗೂಟಗಳನ್ನು ಸಾಲಾಗಿ ಹೂಳುತ್ತಿದ್ದರು. ಕೆಲವು ಕಡೆ ಗೂಟದ ಬದಲು ಮುಳ್ಳುಗಿಡ, ಕಲ್ಲು ಸಿಗುವ ಕಡೆ ಕಲ್ಲಿನ ಗೋಡೆ.

ಈಗ ಕೋಟೆಯ ಕಂದಕ ನೆನಪಿಸಿಕೊಳ್ಳಿ. ಅಲ್ಲಿ ಹಳ್ಳ ಹೊರಗೆ, ಗೋಡೆ ಒಳಗೆ. ಬರುವ ಶತ್ರು ಮೊದಲು ಹಳ್ಳಕ್ಕೆ ಇಳಿಯಬೇಕು, ಆಮೇಲೆ ಗೋಡೆ ಹತ್ತಬೇಕು. ಜಿಂಕೆವನದಲ್ಲಿ ಇದು ತಿರುಗುಮುರುಗು. ತಡೆಯಬೇಕಾದ್ದು ಹೊರಗಿನವರನ್ನಲ್ಲ, ಒಳಗಿನ ಜಿಂಕೆಯನ್ನು. ಹಳ್ಳದ ತಳದಲ್ಲಿ ನಿಂತ ಜಿಂಕೆಗೆ ದಿಣ್ಣೆ ಮತ್ತು ಬೇಲಿ ಸೇರಿ ಆಳೆತ್ತರಕ್ಕಿಂತ ಎಷ್ಟೋ ಜಾಸ್ತಿ ಎತ್ತರ ಕಾಣುತ್ತದೆ. ಓಡಿ ಬಂದು ಹಾರಲು ಜಾಗವೂ ಸಿಗುವುದಿಲ್ಲ. ನಮ್ಮ ಕಾಡಂಚಿನಲ್ಲಿ ಅರಣ್ಯ ಇಲಾಖೆ ತೋಡಿಸುವ ಆನೆ ಕಂದಕದ ಹಿಂದಿರುವುದೂ ಇದೇ ಯೋಚನೆ.

ಇಂಗ್ಲೆಂಡಿನ ಹೊಲಗಳಲ್ಲಿ ಹಳೆಯ ದಿಣ್ಣೆ, ಹಳ್ಳ ಬೇಕಾದಷ್ಟಿವೆ. ಹಳ್ಳಿಯ ಗಡಿಯದ್ದು, ಮಠದ ಜಮೀನಿನದ್ದು, ಹಳೆ ರಸ್ತೆಯದ್ದು. ಅವುಗಳ ನಡುವೆ ಜಿಂಕೆವನದ ಗಡಿ ಯಾವುದು ಅಂತ ಹೇಳಬೇಕಾದರೆ ಪುರಾತತ್ವದವರು ಮೊದಲು ನೋಡುವುದು ಹಳ್ಳ ಯಾವ ಮಗ್ಗುಲಿಗಿದೆ ಎಂಬುದನ್ನೇ. ಸುತ್ತುಗಟ್ಟಿದ ಜಾಗದ ಒಳಮಗ್ಗುಲಿಗೆ ಹಳ್ಳ ಇದ್ದರೆ ಜಿಂಕೆವನ ಇರಬಹುದು ಎಂಬ ಅನುಮಾನ ಬಲವಾಗುತ್ತದೆ.

ಇನ್ನೊಂದು ಸುಳಿವು ಆಕಾರ. ಹಳೆಯ ಜಿಂಕೆವನಗಳ ಮೂಲೆಗಳು ದುಂಡಗಿರುತ್ತವೆ. ಕಾರಣ ಬರೀ ದುಡ್ಡು. 100 ಹೆಕ್ಟೇರ್ ಜಾಗಕ್ಕೆ ಚೌಕಾಕಾರದಲ್ಲಿ ಬೇಲಿ ಹಾಕಿದರೆ 4 ಕಿಲೋಮೀಟರ್ ಬೇಕು. ಅಷ್ಟೇ ಜಾಗಕ್ಕೆ ದುಂಡಗೆ ಹಾಕಿದರೆ ಸುಮಾರು 3.5 ಕಿಲೋಮೀಟರ್ ಸಾಕು. ಅರ್ಧ ಕಿಲೋಮೀಟರ್ ಉದ್ದಕ್ಕೆ ಬೇಕಾದ ಓಕ್ ಗೂಟ, ಅದನ್ನು ಹೂಳುವ ಕೂಲಿ, ವರ್ಷವರ್ಷ ರಿಪೇರಿ ಎಲ್ಲ ಉಳಿಯುತ್ತದೆ. ಎಷ್ಟೋ ಕಡೆ ಈ ರಿಪೇರಿ ಊರಿನ ಒಕ್ಕಲು ಮಕ್ಕಳ ಬಿಟ್ಟಿ ಕೆಲಸವಾಗಿತ್ತು. ಒಬ್ಬೊಬ್ಬರಿಗೆ ಇಷ್ಟಿಷ್ಟು ಉದ್ದದ ಬೇಲಿ ಅಂತ ಹಂಚಿರುತ್ತಿದ್ದರು. ತಾವು ಮುಟ್ಟುವಂತಿಲ್ಲದ ಜಿಂಕೆಗೆ ತಾವೇ ಬೇಲಿ ಕಟ್ಟಬೇಕು. ಹೊಟ್ಟೆ ಉರಿಯದೆ ಇರುತ್ತಾ?

ಬೇಲಿಯಲ್ಲಿ ಒಂದು ಕಿತಾಪತಿಯೂ ಇತ್ತು. ಕೆಲವು ಕಡೆ ಬೇಲಿಯನ್ನು ತಗ್ಗಿಸಿ, ಹೊರಗಿನಿಂದ ಇಳಿಜಾರು ದಿಬ್ಬ ಮಾಡಿ, ಒಳಗೆ ಆಳದ ಗುಂಡಿ ಬಿಡುತ್ತಿದ್ದರು. ಹೊರಗಿನ ಕಾಡುಜಿಂಕೆ ಹುಲ್ಲಿನಾಸೆಗೆ ದಿಬ್ಬ ಹತ್ತಿ ಒಳಗೆ ಹಾರಬಹುದು, ಮತ್ತೆ ಹೊರಗೆ ಹಾರಲಾರದು. ಒಳಗೆ ಬಂದದ್ದು ಬೇಲಿಯವನ ಪಾಲು. ಪಕ್ಕದಲ್ಲಿ ರಾಜನ ಫಾರೆಸ್ಟ್ ಇದ್ದರೆ ಇದು ರಾಜನ ಜಿಂಕೆಯನ್ನು ಕದ್ದಂತೆಯೇ. ಅದಕ್ಕೇ ಅನುಮತಿ ಬೇಕಿತ್ತು.

ಬೇಟೆಗಿಂತ ಜಾಸ್ತಿ ಉಗ್ರಾಣ

ಒಳಗಿದ್ದ ಜಿಂಕೆ ಹೆಚ್ಚಾಗಿ ಫ್ಯಾಲೋ ಜಾತಿಯದು. ಬೇಸಿಗೆಯಲ್ಲಿ ಮೈತುಂಬ ಬಿಳಿ ಚುಕ್ಕೆ, ದೂರದಿಂದ ನೋಡಿದರೆ ನಮ್ಮ ಚುಕ್ಕೆ ಜಿಂಕೆಯೇ ಅನ್ನಬೇಕು. ಗಂಡಿನ ಕೊಂಬು ಮಾತ್ರ ಬೇರೆ: ತುದಿಯಲ್ಲಿ ಅಂಗೈಯಂತೆ ಅಗಲವಾಗಿರುತ್ತದೆ. ಇದು ಇಂಗ್ಲೆಂಡಿನ ಪ್ರಾಣಿಯಲ್ಲ. ಮೂಲ ಟರ್ಕಿ ಕಡೆಯದು. ರೋಮನ್ನರು ಒಮ್ಮೆ ತಂದಿದ್ದರು, ಆ ಸಂತತಿ ಉಳಿಯಲಿಲ್ಲ. ನಾರ್ಮನ್ನರ ಕಾಲದಲ್ಲಿ ಮತ್ತೆ ಬಂದು ನೆಲೆ ನಿಂತಿತು. ಅಲ್ಲಿಯದೇ ಆದ ಕೆಂಪು ಜಿಂಕೆಗೆ ಹೋಲಿಸಿದರೆ ಇದು ಚಿಕ್ಕದು, ಸಾಧಾರಣ ಹುಲ್ಲಲ್ಲೂ ಮೈ ತುಂಬಿಕೊಳ್ಳುತ್ತದೆ, ಗುಂಪಾಗಿ ಇರುತ್ತದೆ. ಬೇಲಿಯೊಳಗೆ ಸಾಕಲು ಹೇಳಿ ಮಾಡಿಸಿದ ಜಾತಿ.

ಜಿಂಕೆವನ ಅಂದರೆ ಕುದುರೆ ಏರಿ, ನಾಯಿ ಬಿಟ್ಟು, ಕೊಂಬು ಊದುತ್ತ ಓಡಿಸುವ ದೃಶ್ಯ ಕಣ್ಣಿಗೆ ಬರುತ್ತದೆ. ಆ ಥರದ ಬೇಟೆಗೆ ಹತ್ತಾರು ಮೈಲಿ ಬಯಲು ಬೇಕು. ಸಾಧಾರಣ ಪಾರ್ಕಿನಲ್ಲಿ ಐದು ನಿಮಿಷ ಓಡಿದರೆ ಬೇಲಿ ಎದುರಾಗುತ್ತದೆ. ಹಾಗಾಗಿ ಅಲ್ಲಿ ನಡೆಯುತ್ತಿದ್ದದ್ದು ಬೇರೆ. ಆಳುಗಳು, ನಾಯಿಗಳು ಸೇರಿ ಜಿಂಕೆಯನ್ನು ಒಂದು ದಿಕ್ಕಿಗೆ ಅಟ್ಟುತ್ತಿದ್ದರು. ದೊಡ್ಡವರು ಅಟ್ಟಣೆಯ ಮೇಲೆ ಬಿಲ್ಲು ಹಿಡಿದು ಕಾಯುತ್ತಿದ್ದರು. ಇಂಥ ಅಟ್ಟಣೆಮನೆಯೊಂದು ಲಂಡನ್ ಪಕ್ಕದ ಎಪಿಂಗ್ ಕಾಡಿನಲ್ಲಿ ಇನ್ನೂ ನಿಂತಿದೆ. 1543ರಲ್ಲಿ ಎಂಟನೇ ಹೆನ್ರಿ ಕಟ್ಟಿಸಿದ್ದು.

ಬಹುತೇಕ ಜಿಂಕೆಗಳನ್ನು ಹೊಡೆಯುತ್ತಿದ್ದವರು ಯಜಮಾನರೂ ಅಲ್ಲ, ಸಂಬಳದ ಬೇಟೆಗಾರರು. ಬೇಸಿಗೆಯಲ್ಲಿ ಕೊಬ್ಬಿದ ಗಂಡು, ಚಳಿಗಾಲದಲ್ಲಿ ಹೆಣ್ಣು. ಮಾಂಸವನ್ನು ಉಪ್ಪು ಹಾಕಿ ಪೀಪಾಯಿಯಲ್ಲಿ ತುಂಬಿ ಯಜಮಾನ ಇದ್ದ ಕಡೆ ಸಾಗಿಸುತ್ತಿದ್ದರು. 1251ರ ಕ್ರಿಸ್‌ಮಸ್‌ಗೆ ಯಾರ್ಕ್ ನಗರದಲ್ಲಿ ಮೂರನೇ ಹೆನ್ರಿಯ ಮಗಳ ಮದುವೆ ನಡೆಯಿತು. ಆ ಹಬ್ಬದೂಟಕ್ಕೆ 430 ಕೆಂಪು ಜಿಂಕೆ, 200 ಫ್ಯಾಲೋ, 200 ರೋ ಜಿಂಕೆ ಬೇಕೆಂದು ಲೆಕ್ಕ ಹಾಕಿದ್ದರು. ಇಷ್ಟನ್ನು ಒಂದು ಹಬ್ಬಕ್ಕೆ ಹೊಂದಿಸಬೇಕಾದರೆ ಅಡುಗೆಮನೆಯ ಹಿಂದೆ ದೊಡ್ಡ ಏರ್ಪಾಟೇ ಬೇಕು.

ಈ ಮಾಂಸ ಸಂತೆಯಲ್ಲಿ ಮಾರುವ ಸರಕಲ್ಲ. ದುಡ್ಡಿದ್ದ ವ್ಯಾಪಾರಿಯೂ ನೇರವಾಗಿ ಕೊಳ್ಳುವಂತಿರಲಿಲ್ಲ. ಜಿಂಕೆವನದ ಯಜಮಾನ ಕಳಿಸಿಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಅದಕ್ಕೇ ಅದಕ್ಕೆ ಅಷ್ಟು ಬೆಲೆ. ಹೊಡೆದ ಜಿಂಕೆಯನ್ನು ಕೊಯ್ಯುವುದಕ್ಕೂ ಒಂದು ಕ್ರಮ ಇತ್ತು: ಒಂದು ಭುಜ ಕಾವಲಿನವನಿಗೆ, ಒಂದಿಷ್ಟು ನಾಯಿಗಳಿಗೆ, ಎದೆಯ ತುದಿಯ ಮೃದು ಎಲುಬಿನ ಚೂರು ಮರದ ಮೇಲಿನ ಕಾಗೆಗೆ, ತೊಡೆಯ ಒಳ್ಳೆಯ ಭಾಗ ಯಜಮಾನನಿಗೆ. ಕೋಟೆಗಳ ಕಸದ ಗುಂಡಿ ಅಗೆದಾಗ ಇದು ಎಲುಬಿನಲ್ಲೂ ಕಾಣುತ್ತದೆ. ದೊಡ್ಡವರ ಮನೆಗಳಲ್ಲಿ ಹಿಂಗಾಲಿನ ಎಲುಬು ಜಾಸ್ತಿ ಸಿಗುತ್ತದೆ. ಕಾವಲಿನವರು ಇದ್ದ ಜಾಗಗಳಲ್ಲಿ ಭುಜದ ಎಲುಬು ಜಾಸ್ತಿ.

ಕದ್ದವರಿಗೆ ಶಿಕ್ಷೆ ಕಠಿಣ. 1275ರ ಕಾಯ್ದೆ ಪ್ರಕಾರ ಪಾರ್ಕಿಗೆ ನುಗ್ಗಿದವನಿಗೆ 3 ವರ್ಷ ಜೈಲು. ಆದರೂ ಕಳ್ಳಬೇಟೆ ನಿಲ್ಲಲಿಲ್ಲ. 1381ರಲ್ಲಿ ರೈತರು ದಂಗೆ ಎದ್ದಾಗ ಅವರ ಬೇಡಿಕೆಗಳಲ್ಲಿ ಒಂದು, ಪಾರ್ಕುಗಳ ಬೇಟೆ, ನೀರಿನ ಮೀನು ಎಲ್ಲರಿಗೂ ಸೇರಬೇಕು ಎಂಬುದು. ಆ ದಂಗೆಯಲ್ಲಿ ಲಂಡನ್ನಿನ ಸವಾಯ್ ಅರಮನೆ ಸುಟ್ಟುಹೋಯಿತು. ಅದರ ಒಡೆಯ ಜಾನ್ ಆಫ್ ಗಾಂಟ್. ಆಗ ಕೆನಿಲ್‌ವರ್ತ್ ಕೋಟೆಗೂ ಅದರ ಜಿಂಕೆವನಕ್ಕೂ ಅವನೇ ಒಡೆಯ.

ಕೆನಿಲ್‌ವರ್ತ್‌ನ ಕೆರೆ

ಕೆನಿಲ್‌ವರ್ತ್‌ಗೇ ಬರೋಣ. ಕ್ಲಿಂಟನ್ ಮನೆತನದ ಕೈಯಿಂದ ಕೋಟೆ ಎರಡನೇ ಹೆನ್ರಿಯ ಕೈಗೆ ಹೋಯಿತು. ಆಮೇಲೆ ಬಂದ ರಾಜ ಜಾನ್ 1210ರಿಂದ 1215ರೊಳಗೆ ಇಲ್ಲಿ ಸಾವಿರ ಪೌಂಡಿಗೂ ಮೀರಿ ಖರ್ಚು ಮಾಡಿದ. ಆ ಕಾಲಕ್ಕೆ ಅದು ದೊಡ್ಡ ಗಂಟು. ಹೊರಗೋಡೆ ಕಲ್ಲಿನದಾಯಿತು. ತೊರೆಗೆ ಅಡ್ಡಲಾಗಿ ದೊಡ್ಡ ಏರಿ ಹಾಕಿದರು. ಕೋಟೆಯ ದಕ್ಷಿಣ, ಪಶ್ಚಿಮಕ್ಕೆ ಸುಮಾರು 100 ಎಕರೆಯ ಕೆರೆ ಎದ್ದಿತು.

ಈ ಕೆರೆ ಮೊದಲು ಕೆಲಸಕ್ಕೆ ಬಂದದ್ದು ಯುದ್ಧದಲ್ಲಿ. 1266ರಲ್ಲಿ, ರಾಜನ ವಿರುದ್ಧ ದಂಗೆ ಎದ್ದಿದ್ದ ಸೈಮನ್ ಡಿ ಮಾಂಟ್‌ಫೋರ್ಟ್‌ನ ಕಡೆಯವರು ಕೋಟೆಯೊಳಗೆ ಕೂತರು, ರಾಜ ಮೂರನೇ ಹೆನ್ರಿ ಹೊರಗೆ ಮುತ್ತಿಗೆ ಹಾಕಿದ. ನೀರಿನ ಕಡೆಯಿಂದ ನುಗ್ಗಲು ದೂರದ ಚೆಸ್ಟರ್‌ನಿಂದ ದೋಣಿ ತರಿಸಿದರೂ ಆಗಲಿಲ್ಲ. ಜೂನ್‌ನಿಂದ ಡಿಸೆಂಬರ್‌ವರೆಗೆ ಆರು ತಿಂಗಳು ಎಳೆಯಿತು. ಕಡೆಗೆ ಹಸಿವು, ರೋಗಕ್ಕೆ ಒಳಗಿನವರು ಸೋತರು.

ಯುದ್ಧದ ದಿನಗಳು ಮುಗಿದ ಮೇಲೆ ಅದೇ ಕೆರೆ ನೋಟಕ್ಕೆ ಒದಗಿತು. ಜಾನ್ ಆಫ್ ಗಾಂಟ್ ಕಟ್ಟಿಸಿದ ದೊಡ್ಡ ಹಜಾರದ ಎತ್ತರದ ಕಿಟಕಿಗಳಲ್ಲಿ ನಿಂತು ನೋಡಿ. ಎದುರಿಗೆ ನೀರು, ನೀರಿನಾಚೆ ಜಿಂಕೆವನ. ಅತಿಥಿಗೆ ಇದನ್ನು ತೋರಿಸುವುದೇ ಒಂದು ಮಾತು. ನನ್ನ ನೆಲ ನಿನ್ನ ಕಣ್ಣು ಹೋಗುವಷ್ಟು ದೂರಕ್ಕೂ ಇದೆ, ಅದನ್ನು ಉಳುವ ದರ್ದು ನನಗಿಲ್ಲ.

ಗಾಂಟ್‌ನ ಮೊಮ್ಮಗ ಐದನೇ ಹೆನ್ರಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಅಜಿನ್‌ಕೋರ್ಟ್ ಕದನ ಗೆದ್ದ ರಾಜ ಇವನೇ. 1414ರ ಸುಮಾರಿಗೆ ಅವನು ಕೆರೆಯ ಆಚೆ ತುದಿಯಲ್ಲಿ ಒಂದು ಜೌಗು ಜಾಗವನ್ನು ಬಸಿದು ಪ್ಲೆಸೆನ್ಸ್ ಎಂಬ ವಿಹಾರಮನೆ ಕಟ್ಟಿಸಿದ. ಚೌಕದ ಅಂಗಳ, ಸುತ್ತ ಎರಡು ಸುತ್ತು ಕಂದಕ, ಮರದ ಊಟದ ಮನೆ, ದೋಣಿ ನಿಲ್ಲಿಸಲು ಕಟ್ಟೆ. ಕೋಟೆಯ ಗದ್ದಲದಿಂದ ದೋಣಿ ಹತ್ತಿದರೆ ಜಿಂಕೆವನದ ಮಗ್ಗುಲಿನ ಈ ಮನೆಗೆ ಇಳಿಯಬಹುದು. ನೂರು ವರ್ಷ ಕಳೆದ ಮೇಲೆ ಎಂಟನೇ ಹೆನ್ರಿ ಅದನ್ನು ಬಿಚ್ಚಿಸಿ, ಒಂದು ಭಾಗವನ್ನು ಕೋಟೆಯೊಳಗೆ ತಂದು ನಿಲ್ಲಿಸಿದ. ಕಂದಕ ಮಾತ್ರ ಅಲ್ಲೇ ಉಳಿಯಿತು. ಅದನ್ನು ಬಿಚ್ಚಿ ಸಾಗಿಸಲು ಆಗುವುದಿಲ್ಲವಲ್ಲ.

ಜಿಂಕೆವನದ ಕೊನೆಯ ದೊಡ್ಡ ಸಂಭ್ರಮ 1575ರ ಜುಲೈ. ಕೋಟೆ ಆಗ ಲೆಸ್ಟರ್‌ನ ಅರ್ಲ್ ರಾಬರ್ಟ್ ಡಡ್ಲಿಯದು. ಒಂದನೇ ಎಲಿಜಬೆತ್ ರಾಣಿ 19 ದಿನ ಅಲ್ಲಿ ತಂಗಿದಳು. ಡಡ್ಲಿ ಬೇಟೆಯ ಜಾಗವನ್ನು ಮೊದಲೇ ವಿಸ್ತರಿಸಿದ್ದ. ಅಲ್ಲಿದ್ದವನೊಬ್ಬ ಬರೆದ ಪತ್ರದಲ್ಲಿ ಆ ದಿನಗಳು ಕಣ್ಣಿಗೆ ಕಟ್ಟುತ್ತವೆ. ಸೆಕೆ ಜಾಸ್ತಿ ಇದ್ದುದರಿಂದ ರಾಣಿ ಹೊತ್ತು ಇಳಿಯುವ ತನಕ ಒಳಗೇ ಇರುತ್ತಿದ್ದಳು. ಸಂಜೆ ಐದರ ಹೊತ್ತಿಗೆ ಬೇಟೆ. ನಾಯಿಗಳು ಅಟ್ಟಿಸಿಕೊಂಡು ಬಂದ ಗಂಡು ಜಿಂಕೆ ದಾರಿ ಕಾಣದೆ ಕೆರೆಗೆ ಬೀಳುತ್ತದೆ. ತಲೆ, ಕೊಂಬು ಮಾತ್ರ ನೀರಿನ ಮೇಲೆ. ಹಿಂದೆಯೇ ನಾಯಿಗಳು ಈಜುತ್ತವೆ, ದೋಣಿಯವರು ಸುತ್ತುವರಿಯುತ್ತಾರೆ. ಒಂದು ದಿನ ಹೀಗೆ ಸಿಕ್ಕಿಬಿದ್ದ ಜಿಂಕೆಯನ್ನು ದೋಣಿಯವರು ತಲೆ ಹಿಡಿದು ನಿಲ್ಲಿಸಿದಾಗ, ರಾಣಿ ಅದಕ್ಕೆ ಜೀವದಾನ ಕೊಟ್ಟಳಂತೆ. ಪುಕ್ಕಟೆಯಲ್ಲ. ಬಿಡುಗಡೆಯ ದಂಡ ಅಂತ ಅದರ ಕಿವಿ ಕತ್ತರಿಸಿ ಬಿಟ್ಟರು. ಪತ್ರ ಬರೆದವನು ಇದನ್ನು ರಾಣಿಯ ದೊಡ್ಡ ಮನಸ್ಸು ಎಂಬಂತೆ ಬರೆದಿದ್ದಾನೆ. ಓದುವಾಗ ನನಗಂತೂ ಆ ಜಿಂಕೆಯದ್ದೇ ಯೋಚನೆ.

ಒಂದು ತಲೆಮಾರು ಕಳೆದ ಮೇಲೆ ರಾಜನಿಗಾಗಿ ಮಾಡಿದ ಅಳತೆಯಲ್ಲಿ ಕೋಟೆ, ಊರುಗಳು, ಪಾರ್ಕು, ಚೇಸ್ ಎಲ್ಲ ಸೇರಿದ ಸುತ್ತಳತೆ 19–20 ಮೈಲಿ ಎಂದು ಬರೆದಿದ್ದಾರೆ. ಬೆಂಗಳೂರಲ್ಲಿ ಮೆಜೆಸ್ಟಿಕ್‌ನಿಂದ ವಿಮಾನ ನಿಲ್ದಾಣಕ್ಕೆ ಹೋಗುವಷ್ಟು ದೂರ.

1649: ಬೇಲಿ ಬಿತ್ತು

ರಾಜನಿಗೂ ಸಂಸತ್ತಿಗೂ ನಡೆದ ಅಂತರ್ಯುದ್ಧದಲ್ಲಿ ಸಂಸತ್ತು ಗೆದ್ದಿತು. ಮತ್ತೆ ಯಾರೂ ಒಳಗೆ ಕೂತು ಹೋರಾಡಬಾರದು ಅಂತ 1649ರಲ್ಲಿ ಕೆನಿಲ್‌ವರ್ತ್ ಕೋಟೆ ಕೆಡವಲು ಆಜ್ಞೆ ಬಂತು. ಕೆಲಸ ವಹಿಸಿಕೊಂಡವನು ಕರ್ನಲ್ ಜೋಸೆಫ್ ಹಾಕ್ಸ್‌ವರ್ತ್. ಅವನೂ ಅವನ ಜೊತೆಯ ಅಧಿಕಾರಿಗಳೂ ಜಾಗವನ್ನು ತಮ್ಮಲ್ಲೇ ಹಂಚಿಕೊಂಡರು. ಮುಖ್ಯ ಬುರುಜಿನ ಉತ್ತರದ ಗೋಡೆ ಉರುಳಿಸಿದರು. ಏರಿ ಒಡೆದು ಕೆರೆ ಬರಿದು ಮಾಡಿದರು. ಕಾಡು ಕಡಿದರು. ಜಿಂಕೆವನವನ್ನು ತುಂಡು ಮಾಡಿ ಹೊಲಮನೆಗಳಾಗಿ ಕೊಟ್ಟರು. ಡಡ್ಲಿ ಕಟ್ಟಿಸಿದ್ದ ಬಾಗಿಲುಮನೆ ಹಾಕ್ಸ್‌ವರ್ತ್‌ನ ಸ್ವಂತ ಮನೆಯಾಯಿತು. ಅದು ಈಗಲೂ ಚೆನ್ನಾಗಿಯೇ ನಿಂತಿದೆ.

ಇದು ಆ ಒಂದು ಊರಿನ ಕಥೆ ಮಾತ್ರ ಅಲ್ಲ. 1348ರ ಮಹಾಮಾರಿ ಪ್ಲೇಗ್ ಆದ ಮೇಲೆ ಆಳುಗಳ ಕೂಲಿ ಏರಿ, ಎಷ್ಟೋ ಸಣ್ಣ ಜಮೀನುದಾರರು ಬೇಲಿ ರಿಪೇರಿ ಬಿಟ್ಟು ಜಾಗವನ್ನು ದನಕುರಿ ಮೇಯಿಸಲು ಗುತ್ತಿಗೆ ಕೊಟ್ಟಿದ್ದರು. ಉಳಿದವುಗಳಲ್ಲಿ ಬಹಳಷ್ಟು 1640ರ ದಶಕದ ಯುದ್ಧದಲ್ಲಿ ಹೋದವು. ಹಸಿದ ಸೈನಿಕರಿಗೆ ಜಿಂಕೆ ಊಟ, ಓಕ್ ಗೂಟ ಸೌದೆ.

ಗುರುತು ಹಿಡಿಯುವುದು ಹೇಗೆ

ಬೇಲಿ ಬಿದ್ದ ಮೇಲೂ ಗಡಿ ಉಳಿಯಿತು, ಯಾಕೆ? ಹೊಸದಾಗಿ ಜಮೀನು ಪಡೆದ ರೈತನಿಗೂ ಒಂದು ಗಡಿ ಬೇಕಿತ್ತು. ಕಣ್ಣೆದುರೇ ತಯಾರಾದ ದಿಣ್ಣೆ ಇತ್ತು. ಅದರ ಮೇಲೆ ಮುಳ್ಳುಬೇಲಿ ನೆಟ್ಟ. ಅವನ ನಂತರ ಬಂದವನೂ ಅದನ್ನೇ ಇಟ್ಟುಕೊಂಡ. ರಸ್ತೆ ಮೊದಲಿಂದ ಜಿಂಕೆವನದ ಹೊರಗೆ ಸುತ್ತಿ ಹೋಗುತ್ತಿತ್ತು, ಈಗಲೂ ಹಾಗೇ ಸುತ್ತುತ್ತದೆ. ನಕ್ಷೆಯಲ್ಲಿ ಸುತ್ತಲ ಹೊಲಗಳೆಲ್ಲ ನೇರ ಗೆರೆಯಲ್ಲಿದ್ದು, ಒಂದು ಗೆರೆ ಮಾತ್ರ ದೊಡ್ಡದಾಗಿ ಬಾಗಿ ಸುತ್ತಿಕೊಂಡರೆ ಅಲ್ಲಿ ನಿಂತು ನೋಡಬೇಕು. ಕೆಲವೊಮ್ಮೆ ದಿಣ್ಣೆಗೆ ಸಮನಾಗಿ ಹೊರಗೆ ಕೆಲವು ಮಾರು ದೂರದಲ್ಲಿ ಇನ್ನೊಂದು ಗೆರೆ ಇರುತ್ತದೆ. ಬೇಲಿ ರಿಪೇರಿ ಮಾಡುವವರು ಓಡಾಡಲು ಜಿಂಕೆವನದ ಒಡೆಯ ಹೊರಗೂ ಒಂದು ಪಟ್ಟಿ ಹಿಡಿದಿಟ್ಟುಕೊಳ್ಳುತ್ತಿದ್ದ, ಅದರದ್ದು.

ಹೆಸರುಗಳು ಇನ್ನೊಂದು ದಾರಿ. ಪಾರ್ಕ್ ಫಾರ್ಮ್, ಲಾಡ್ಜ್ ಫಾರ್ಮ್ ಎಂಬ ಹೊಲಮನೆ ಸಿಕ್ಕರೆ ಹತ್ತಿರದಲ್ಲಿ ಜಿಂಕೆವನ ಅಥವಾ ಕಾವಲಿನವನ ಮನೆ ಇದ್ದಿರುವ ಸಾಧ್ಯತೆ ಇದೆ. ಕೆನಿಲ್‌ವರ್ತ್‌ನಲ್ಲಿ ಚೇಸ್ ಲೇನ್, ಚೇಸ್ ವುಡ್ ಎಂಬ ಹೆಸರುಗಳು ಇವತ್ತಿಗೂ ಬಳಕೆಯಲ್ಲಿವೆ. ಹೆಸರನ್ನೇ ನಂಬಿ ಕೂರುವಂತಿಲ್ಲ ಬಿಡಿ. ಹದಿನೆಂಟನೇ ಶತಮಾನದ ಬಂಗಲೆಗಳ ಸುತ್ತಲ ಹುಲ್ಲುಗಾವಲಿಗೂ ಪಾರ್ಕು ಎಂದೇ ಹೆಸರು. ಅದಕ್ಕೆ ಹೆಸರಿನ ಜೊತೆಗೆ ದಿಣ್ಣೆ, ದಾಖಲೆ ಕೂಡ ಹೊಂದಬೇಕು.

ಹಳೆಯ ಮರಗಳೂ ಸಾಕ್ಷಿ. ಜಿಂಕೆಗೆ ಎಟುಕದ ಎತ್ತರದಲ್ಲಿ ಕೊಂಬೆ ಕಡಿದು ಬಿಟ್ಟ ಓಕ್ ಮರಗಳು ಗಿಡ್ಡ, ದಪ್ಪ ಕಾಂಡದಲ್ಲಿ ನೂರಾರು ವರ್ಷ ಬದುಕುತ್ತವೆ. ಉಳುಮೆ ಮಾಡುವ ಹೊಲದಲ್ಲಿ ಇವು ಉಳಿಯುವುದು ಕಷ್ಟ. ಜಿಂಕೆವನದಲ್ಲಿ ಉಳಿದವು.

ಇತ್ತೀಚೆಗೆ ಈ ಹುಡುಕಾಟ ಸುಲಭವಾಗಿದೆ. ವಿಮಾನದಿಂದ ಲೇಸರ್ ಕಿರಣ ಬಿಟ್ಟು ನೆಲದ ಏರುತಗ್ಗು ಅಳೆಯುವ ಲೈಡಾರ್ ಬಂದಿದೆ. ಇಂಗ್ಲೆಂಡಿನ ಬಹುಭಾಗದ ಲೈಡಾರ್ ಮಾಹಿತಿಯನ್ನು ಅಲ್ಲಿನ ಪರಿಸರ ಇಲಾಖೆ ಪುಕ್ಕಟೆಯಾಗಿ ಬಿಟ್ಟಿದೆ. ಕಾಡಿನ ಎಲೆಗಳ ಕೆಳಗೆ ಮುಚ್ಚಿಹೋದ ದಿಣ್ಣೆಯೂ ಅದರಲ್ಲಿ ಕಾಣುತ್ತದೆ. ಉತ್ಸಾಹಿಗಳು ಮನೆಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಹಳೆಯ ಗಡಿ ಹುಡುಕುತ್ತಾರೆ.

ಇನ್ನೊಂದು ಕೋಟೆಯ ಮಾತು ಹೇಳದಿದ್ದರೆ ಇದು ಅರ್ಧಕ್ಕೆ ನಿಲ್ಲುತ್ತದೆ. ನೈರುತ್ಯದ ಡೆವನ್‌ನಲ್ಲಿ, ಡಾರ್ಟ್‌ಮೂರ್ ಬೆಟ್ಟದ ಅಂಚಿಗೆ ಓಕ್‌ಹ್ಯಾಂಪ್ಟನ್ ಕೋಟೆ ಇದೆ. ಹದಿನಾಲ್ಕನೇ ಶತಮಾನದ ಆರಂಭದಲ್ಲಿ ಹ್ಯೂ ಕೋರ್ಟ್ನಿ ಅದನ್ನು ಬೇಟೆಗೆ ಬಂದು ತಂಗುವ ಮನೆಯಾಗಿ ಹೊಸದಾಗಿ ಕಟ್ಟಿಸಿದ. ಸುಮಾರು 1,700 ಎಕರೆಯ ಜಿಂಕೆವನ ಅದಕ್ಕೆ. ಕೋಟೆಯ ಗೋಡೆಗಳೇ ಈ ಕಥೆ ಹೇಳುತ್ತವೆ. ರಸ್ತೆಯ ಕಡೆಗೆ ಗೋಡೆ ಬಿಗಿ ಮುಖ ಮಾಡಿಕೊಂಡಿದೆ. ಜಿಂಕೆವನದ ಕಡೆಗೆ ದೊಡ್ಡ ಕಿಟಕಿಗಳು. ದಾರಿಹೋಕನಿಗೆ ಅದು ಕೋಟೆ, ಒಳಗಿದ್ದವನಿಗೆ ಹಸಿರು ನೋಡುವ ಮನೆ. ಆ ಜಿಂಕೆವನದ ನೆಲದಲ್ಲಿ ಅಗೆದಾಗ ಅದಕ್ಕಿಂತ ಹಿಂದಿನ ರೈತರ ಮನೆಗಳ ತಳಪಾಯ ಸಿಕ್ಕಿವೆ. ಅವರನ್ನು ಜಿಂಕೆಗಾಗಿಯೇ ಎಬ್ಬಿಸಿದರೋ, ಮಳೆ ಚಳಿ ಜಾಸ್ತಿಯಾಗಿ ಅವರೇ ಬಿಟ್ಟು ಹೋದರೋ ಎಂಬ ವಾದ ವಿದ್ವಾಂಸರ ನಡುವೆ ಇದೆ. ನನಗನ್ನಿಸುವಂತೆ ಎರಡೂ ಸೇರಿರಬಹುದು. ಬೇಸಾಯ ಸೋಲುತ್ತಿದ್ದ ಕಡೆ ಒಕ್ಕಲೆಬ್ಬಿಸುವುದು ಸುಲಭ, ಅಲ್ವಾ?

ಕೋರ್ಟ್ನಿ ವಂಶದವನೊಬ್ಬನ ತಲೆಯನ್ನು ಎಂಟನೇ ಹೆನ್ರಿ ರಾಜದ್ರೋಹದ ಆರೋಪದ ಮೇಲೆ ತೆಗೆಸಿದ. ಕೋಟೆ, ಜಿಂಕೆವನ ಎರಡೂ ಪಾಳುಬಿದ್ದವು. ಹತ್ತೊಂಬತ್ತನೇ ಶತಮಾನದಲ್ಲಿ ಆ ನೆಲದ ನಡುವೆ ರೈಲು ಹಳಿ ಬಂತು. ಆಮೇಲೆ ಸೇನೆಯ ಶಿಬಿರ ಬಂತು. 1980ರ ದಶಕದಲ್ಲಿ ಊರಿನ ಬೈಪಾಸ್ ರಸ್ತೆ ಅದೇ ಜಿಂಕೆವನವನ್ನು ಸೀಳಿಕೊಂಡು ಹೋಗಬೇಕೋ ಬೇಡವೋ ಎಂಬ ಜಗಳ ಸಂಸತ್ತಿನವರೆಗೂ ಏರಿತು. 1988ರಲ್ಲಿ ರಸ್ತೆ ತೆರೆಯಿತು. ಕೋರ್ಟ್ನಿಯ ಕಿಟಕಿಯಲ್ಲಿ ನಿಂತರೆ ಇವತ್ತು ಮರಗಳ ಜೊತೆಗೆ ಲಾರಿಗಳ ಸದ್ದೂ ಬರುತ್ತದೆ.

ಎಲ್ಲ ಕಡೆಯೂ ಜಿಂಕೆ ಮಾಯವಾಗಿದೆ ಅಂದುಕೊಳ್ಳಬೇಡಿ. ಡರಮ್ ಕಡೆಯ ರೇಬಿ ಕೋಟೆಯ ಸುತ್ತ 200 ಎಕರೆಯಲ್ಲಿ ಕೆಂಪು ಜಿಂಕೆ, ಫ್ಯಾಲೋ ಎರಡೂ ಮೇಯುತ್ತಿವೆ. ವಿಂಡ್ಸರ್ ಕೋಟೆಯ ದೊಡ್ಡ ಪಾರ್ಕಿನಿಂದ ಎರಡನೇ ಮಹಾಯುದ್ಧದಲ್ಲಿ ಆಹಾರ ಬೆಳೆಯಲೆಂದು ಜಿಂಕೆಗಳನ್ನು ತೆಗೆದಿದ್ದರು. 1979ರಲ್ಲಿ ಕೆಂಪು ಜಿಂಕೆ ತಂದು ಮತ್ತೆ ಬಿಟ್ಟರು.

ಮುರಿದ ಬೇಲಿಗಳಿಂದ ತಪ್ಪಿಸಿಕೊಂಡ ಫ್ಯಾಲೋ ಜಿಂಕೆಗಳು ಎಲ್ಲಿ ಹೋದವು? ಕಾಡಿಗೆ. ಇಂದು ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಸ್ವತಂತ್ರವಾಗಿ ಓಡಾಡುವ ಫ್ಯಾಲೋಗಳಲ್ಲಿ ಬಹಳಷ್ಟು ಪಾರ್ಕಿನಿಂದ ಹೊರಬಿದ್ದವುಗಳ ಸಂತತಿ. ತೋಳ ಅಲ್ಲಿ ಎಂದೋ ಅಳಿದಿದೆ, ಹಿಡಿದು ತಿನ್ನುವವರಿಲ್ಲ. ಎಳೆ ಸಸಿಗಳನ್ನು ಬೆಳೆಯಲು ಬಿಡದೆ ಮೇಯುತ್ತವೆ. ಹೊಸ ಕಾಡು ಬೆಳೆಸುವವರು ಈಗ ಸಸಿಗಳ ಸುತ್ತ ಎತ್ತರದ ತಂತಿಬೇಲಿ ಹಾಕಿಸುತ್ತಾರೆ. ಖರ್ಚಿನ ಗೋಳು ಮಾತ್ರ ಹಳೆಯದೇ.

ನೋಡಬೇಕೆನಿಸಿದರೆ ಕೆನಿಲ್‌ವರ್ತ್ ಸುಲಭದ ಜಾಗ. ವಾರಿಕ್ ವಿಶ್ವವಿದ್ಯಾಲಯಕ್ಕೆ ಓದಲು ಹೋದ ನಮ್ಮ ಹುಡುಗ ಹುಡುಗಿಯರಿಗೆ ಇದು ಪಕ್ಕದೂರು. ಕೋಟೆಗೆ ಟಿಕೆಟ್ ಉಂಟು, ಹೊರಗಿನ ಕಾಲುದಾರಿಗೆ ಟಿಕೆಟ್ ಇಲ್ಲ. ಗೋಡೆಯ ಹೊರಗೆ ಪಶ್ಚಿಮಕ್ಕೆ ನಡೆಯಿರಿ. ಎಡಕ್ಕೆ ತಗ್ಗಾದ ಬಯಲು ಕಾಣುತ್ತದಲ್ಲ, ಅದು ಹಳೆಯ ಕೆರೆಯ ಅಂಗಳ. ಹೆಚ್ಚುಕಡಿಮೆ ಒಂದು ಮೈಲಿ ಹೋದರೆ ಹುಲ್ಲಿನಲ್ಲಿ ಚೌಕಾಕಾರದ ಏರುತಗ್ಗು ಸಿಗುತ್ತದೆ, ಅದೇ ಪ್ಲೆಸೆನ್ಸ್‌ನ ಎರಡು ಸುತ್ತು ಕಂದಕ. ನಡು ಬೇಸಿಗೆಯಲ್ಲಿ ಹುಲ್ಲು ಎತ್ತರ ಬೆಳೆದು ಏನೂ ತಿಳಿಯುವುದಿಲ್ಲ. ಚಳಿಗಾಲದಲ್ಲಿ, ಬಿಸಿಲು ಓರೆಯಾಗಿ ಬೀಳುವ ಬೆಳಗ್ಗೆ ಅಥವಾ ಸಂಜೆ ಹೋಗಿ. ಕಂದಕದಲ್ಲಿ ನೆರಳು ತುಂಬಿ ಗೆರೆ ಸ್ಪಷ್ಟವಾಗುತ್ತದೆ. ಕೆಸರು ಇರುತ್ತದೆ, ಒಳ್ಳೆಯ ಬೂಟು ಹಾಕಿಕೊಂಡು ಹೋಗಿ.